ಇಲ್ಲ ಎನ್ನಲು ಬಾರದ ಹೋಟೆಲಿನವರು

ನಮ್ಮ ಮನೆಗೆ ನೀವು ಬಂದರೆ ಮೊದಲು ನಿಮ್ಮ ಹೆಸರು ಕೇಳುವುದಿಲ್ಲ, ನೀರು ಕೊಡುತ್ತೇವೆ. ಕೊರಿಯರ್ ತಂದವನಿರಲಿ, ಮೆಂಟೆನೆನ್ಸ್ ಕೇಳಲು ಬಂದ ಸೊಸೈಟಿಯ ಸೆಕ್ರೆಟರಿ ಇರಲಿ, ಮಹಡಿ ತಪ್ಪಿ ಬೆಲ್ ಒತ್ತಿದವನೇ ಇರಲಿ, ನಮ್ಮ ಯಜಮಾನರು ಬಾಗಿಲು ತೆರೆದ ಮರುಕ್ಷಣ ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ಕಂಠಮಟ್ಟ ನೀರು ತುಂಬಿಸಿಕೊಂಡು ಬರುತ್ತಾರೆ. ಒಮ್ಮೆ ಪಕ್ಕದ ವಿಂಗಿನವರ ಜೊತೆ ಜಗಳ ಮಾಡಲು ಬಂದವನೊಬ್ಬ ಮನೆ ತಪ್ಪಿ ನಮ್ಮಲ್ಲಿಗೆ ಬಂದು, ಇವರ ನೀರು ಕುಡಿದು, ಬೆವರು ಒರೆಸಿಕೊಂಡು, ಜಗಳ ಮಾಡದೆಯೇ ವಾಪಸು ಹೋದ. ಆ ಕಥೆಯನ್ನು ಡೊಂಬಿವಲಿ ಪೂರ್ವದಲ್ಲಿ ನಮ್ಮವರು ಹೇಳದ ಮನೆಯೇ ಉಳಿದಿಲ್ಲ.

ಇದು ಮನೆಯ ಪದ್ಧತಿಯಲ್ಲ, ನಮ್ಮವರ ಹೋಟೆಲಿನ ಪದ್ಧತಿ. ಉಡುಪಿ ಹೋಟೆಲಿನಲ್ಲಿ ಗಿರಾಕಿಯ ಬೆನ್ನು ಕುರ್ಚಿಗೆ ತಾಗುವ ಮೊದಲೇ ಮುಂದೆ ನೀರಿನ ಲೋಟ ಕೂತಿರಬೇಕು. ಅವನಿಗೆ ಬಾಯಾರಿಕೆ ಇದೆಯೋ ಇಲ್ಲವೋ, ಅದು ಅವನ ಪಾಡು. ನನ್ನ ಅಪ್ಪನದ್ದೂ ಹೋಟೆಲೇ, ಉಲ್ಹಾಸನಗರದ ಬಟ್ಟೆ ಮಾರ್ಕೆಟಿನ ಹತ್ತಿರ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿನ ಮೂಲೆಯ ಮೇಜಿನಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದೆ, ಅಂದರೆ ಬರೆಯುವಂತೆ ನಟಿಸುತ್ತಿದ್ದೆ. ಲೋಟಗಳು ಕಲ್ಲಿನ ಮೇಜಿನ ಮೇಲೆ ಬಿಟ್ಟುಹೋದ ಒದ್ದೆ ಉಂಗುರಗಳನ್ನು ಬೆರಳಿನಿಂದ ಜೋಡಿಸಿ ಸರಪಳಿ ಮಾಡುವುದೇ ನನ್ನ ನಿಜವಾದ ವಿದ್ಯಾಭ್ಯಾಸ. ಬಟ್ಟೆಯ ಗಂಟು ಹೊತ್ತು ಬಂದ ಸಿಂಧಿ ವ್ಯಾಪಾರಿಗಳು ಒಳಗೆ ಬಂದು, ರೇಟು ನೋಡಿ, ಏಳಬೇಕೋ ಕೂರಬೇಕೋ ಎಂದು ಯೋಚಿಸುವಷ್ಟರಲ್ಲಿ ನೀರು ಬಂದಿರುತ್ತಿತ್ತು. "ನೀರು ಮುಟ್ಟಿದವ ಎದ್ದು ಹೋಗುದಿಲ್ಲ ಮಗಾ" ಎನ್ನುತ್ತಿದ್ದರು ಅಪ್ಪ. ಅವರ ವ್ಯಾಪಾರಶಾಸ್ತ್ರವೆಲ್ಲ ಅಷ್ಟೇ.

ಹೀಗೆ ನಾನು ಹುಟ್ಟಿದ್ದು ಒಂದು ಸಾಂಬಾರಿನ ಹಬೆಯಲ್ಲಿ, ಮದುವೆಯಾಗಿ ಬಂದದ್ದು ಇನ್ನೊಂದು ಸಾಂಬಾರಿನ ಹಬೆಗೆ. ಇಷ್ಟಿದ್ದೂ ನಾನು ಮಾಡಿದ ಇಡ್ಲಿಯನ್ನು ಮನೆಯವರು ತಿನ್ನುವ ಮೊದಲು ಚಮಚದಿಂದ ತಟ್ಟಿ ನೋಡುತ್ತಾರೆ. ಅದಕ್ಕೇ ಇರಬೇಕು, ನಾನು ಹೋಟೆಲಿನ ಕಡೆ ತಲೆ ಹಾಕದೆ ರಬಾಳೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಡೊಂಬಿವಲಿಯ ಲೇಡೀಸ್ ಡಬ್ಬದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ. ಅಲ್ಲಿ ನಟ್ಟು, ಬೋಲ್ಟು, ಪೈಪು ಮಾರಲು ಬಂದವರಿಗೆ "ಇಲ್ಲ, ಬೇಡ, ಮುಂದಿನ ತಿಂಗಳು ನೋಡೋಣ" ಎನ್ನುವುದೇ ನನ್ನ ಉದ್ಯೋಗ. ಯಜಮಾನರ ಉದ್ಯೋಗ ಇದಕ್ಕೆ ತದ್ವಿರುದ್ಧ. ಅವರ ಹೋಟೆಲಿನಲ್ಲಿ "ಇಲ್ಲ" ಎಂಬ ಶಬ್ದವೇ ಇರಲಿಲ್ಲ. ಇಡ್ಲಿ ಮುಗಿದಿದ್ದರೆ "ಬಿಸಿ ಬಿಸಿ ದೋಸೆ ಕೊಡ್ಲಾ?" ಎಂದು ಕೇಳಬೇಕು. ಶಟರ್ ಅರ್ಧ ಇಳಿದ ಮೇಲೆ ಯಾರಾದರೂ ಬಗ್ಗಿ ಇಣುಕಿದರೆ ಶಟರನ್ನು ಮತ್ತೆ ಮೇಲೆತ್ತಬೇಕು. ದಿನವಿಡೀ ಹೌದು ಎನ್ನುವ ಗಂಡ, ದಿನವಿಡೀ ಇಲ್ಲ ಎನ್ನುವ ಹೆಂಡತಿ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಇಂಥ ಮನುಷ್ಯ ಬೆಟ್ಟದ ಹಳ್ಳಿಯೊಂದರ ಪ್ರವಾಸೋದ್ಯಮಕ್ಕೆ ಯೋಜನೆ ಹಾಕಿಕೊಟ್ಟರು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಆದರೆ ಹಾಕಿಕೊಟ್ಟರು, ಅದು ನಡೆಯಿತು ಕೂಡ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ಸಹಿಸಿಕೊಳ್ಳಿ. ಗಂಡನನ್ನು ಹೊಗಳುವ ಅವಕಾಶ ನಮ್ಮಂಥವರಿಗೆ ಪದೇ ಪದೇ ಸಿಗುವುದಿಲ್ಲ.

ಎಲ್ಲಕ್ಕೂ ಕಾರಣ ನಮ್ಮ ಮಗಳು ಅಶ್ವಿನಿ. ಠಾಣೆಯ ಕಾಲೇಜಿಗೆ ಹೋಗುತ್ತಿದ್ದವಳು ಅಲ್ಲಿ ಬೆಟ್ಟ ಹತ್ತುವವರ ಗುಂಪಿಗೆ ಸೇರಿದಳು. ಭಾನುವಾರ ಬಂತೆಂದರೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಮುರಬಾಡ ಕಡೆಯ ಎಸ್.ಟಿ. ಬಸ್ಸು ಹಿಡಿದು, ಸಹ್ಯಾದ್ರಿಯ ಯಾವುದೋ ಕೋಟೆಯನ್ನು ಹತ್ತಿ ಇಳಿದು, ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು. ಮನೆಯ ಊಟ ರುಚಿಸದಾಯಿತು. ಕರವಂದವಾಡಿ ಎಂಬ ಹಳ್ಳಿಯ ಪಾರ್ವತಿತಾಯಿ ಎಂಬ ಹೆಂಗಸು ಹಾಕುವ ಭಾಕರಿ ಎಂಬ ರಾಗಿ ರೊಟ್ಟಿ, ಠೇಚಾ ಎಂಬ ಹಸಿಮೆಣಸಿನ ಚಟ್ನಿ, ಅದರದ್ದೇ ಜಪ. ನಾನು ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವುದು ಮೊದಲಿನಿಂದ ಬಂದ ಕ್ರಮ. "ಮಮ್ಮೀ, ತುಮ್ ಏಕ್ ಬಾರ್ ಖಾಕೇ ತೋ ದೇಖೋ" ಎಂದಳು, ಒಮ್ಮೆ ತಿಂದಾದರೂ ನೋಡು ಎಂದು. ಹೋಟೆಲಿನವರ ಮನೆಯಲ್ಲಿ ಹುಟ್ಟಿ ಬೇರೆಯವರ ಅಡುಗೆಯನ್ನು ಹೊಗಳುವುದಕ್ಕೆ ಧೈರ್ಯ ಬೇಕು.

ಒಂದು ದಿನ ಅವಳು ಆ ಪಾರ್ವತಿತಾಯಿಯನ್ನೇ ಹೋಟೆಲಿಗೆ ಕರೆತಂದಳು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ; ನನ್ನ ವಯಸ್ಸಿನವಳೇ, ಗಟ್ಟಿ ದನಿಯ ಹೆಂಗಸು. ಕೂತಳು, ನೀರು ಬಂತು, ಕುಡಿದಳು, ನೇರವಾಗಿ ವಿಷಯಕ್ಕೆ ಬಂದಳು. ಅವರ ಊರಿನ ಇಳಿಜಾರಿನಲ್ಲಿ ಬಂಗಲೆ ಸ್ಕೀಮು ಮಾಡುತ್ತೇವೆಂದು ಮುಂಬಯಿಯಿಂದ ಯಾರೋ ಬಂದು ಹೋಗುತ್ತಿದ್ದಾರೆ. ಅವಳ ಮೈದುನರು ಹೊಲ ಮಾರಲು ತುದಿಗಾಲಲ್ಲಿ ನಿಂತಿದ್ದಾರೆ. ಗಂಡ ತೀರಿಕೊಂಡ ಮೇಲೆ ಅವಳ ಮಾತು ಮನೆಯಲ್ಲಿ ನಡೆಯುವುದು ಕಷ್ಟ. ಬೆಟ್ಟ ಹತ್ತಲು ಬರುವ ಮಂದಿ ತಮ್ಮ ಮನೆಗಳಲ್ಲೇ ಉಳಿದು, ಉಂಡು ಹೋಗುವ ಹಾಗಾದರೆ, ಅದು ಕಸುಬಾಗಿ ನಿಂತರೆ, ಹೊಲ ಉಳಿಯುತ್ತದೆ. "ಅಣ್ಣಾ, ತುಮ್ಹೀ ಶಿಕವಾ" ಎಂದಳು. ನೀವು ಕಲಿಸಿ ಎಂದು. ಮುಂಬಯಿ ಸೀಮೆಯಲ್ಲಿ ಹೋಟೆಲಿನವರೆಲ್ಲ ಅಣ್ಣಾ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಅವಳು ಕರೆದ ರೀತಿಗೆ ನಮ್ಮವರು ನಿಜವಾಗಿಯೇ ಅಣ್ಣನಾಗಿಬಿಟ್ಟರು.

ಅಶ್ವಿನಿ ಆಗಲೇ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಯೋಜನೆ ಮಾಡಿದ್ದಳು. ಒಂದು ಬೆಟ್ಟ ಎಷ್ಟು ಜನರನ್ನು ತಡೆದುಕೊಳ್ಳುತ್ತದೋ ಅಷ್ಟೇ ಜನ ಅಲ್ಲಿಗೆ ಹೋಗಬೇಕು ಎಂಬುದು ಅದರ ಸಾರಾಂಶ. ನಮ್ಮವರು ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿದ್ರೆ ಆಗ್ತಿರ್ಲಿಲ್ವಾ ಮಾರಾಯ್ತಿ? ಅದಕ್ಕೆ ಕಂಪ್ಯೂಟರ್ ಎಂತಕೆ?" ಎಂದರು. ಗಾದೆಯೇನೋ ಹೇಳಿದರು. ಮುಂದಿನ ವಾರದಿಂದಲೇ ಹಾಸಿಗೆಯ ಹೊರಗೆ ಕಾಲು ಚಾಚಲು ಶುರು ಮಾಡಿದರು.

ಹೋಟೆಲಿನವರ ಉತ್ಸಾಹ ಎಂದರೆ ಏನೆಂದು ನಿಮಗೆ ಹೇಗೆ ಹೇಳಲಿ! ವಾರಕ್ಕೊಮ್ಮೆ ಇಡ್ಲಿ ಸ್ಟ್ಯಾಂಡು, ಲೋಟಗಳ ಗೋಣಿ, ಜಗ್ಗುಗಳು, ಟೇಬಲ್ ಒರೆಸುವ ಬಟ್ಟೆ ಎಲ್ಲ ಎಸ್.ಟಿ. ಬಸ್ಸಿನ ಮೇಲೆ ಹತ್ತಿ ಕರವಂದವಾಡಿಗೆ ಹೋದವು. ಅಲ್ಲಿನ ಕೆಂಪಕ್ಕಿಯಲ್ಲಿ ಮಾಡಿದ ಇಡ್ಲಿ ನನ್ನ ಇಡ್ಲಿಗಿಂತಲೂ ಗಟ್ಟಿಯಾಗಿದೆ ಎಂದು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಇಡ್ಲಿಯನ್ನು ಬಿಟ್ಟರು, ಭಾಕರಿಯೇ ಇರಲಿ ಎಂದರು. ಆದರೆ ಬಡಿಸುವ ಕ್ರಮ ಮಾತ್ರ ನಮ್ಮದೇ ಆಗಬೇಕು ಎಂದು ಹಟ. ಅತಿಥಿ ಜಗಲಿಯಲ್ಲಿ ಕೂತ ಕೂಡಲೇ ಮುಂದೆ ಲೋಟ. ಅರ್ಧ ಕುಡಿದರೆ ಮತ್ತೆ ಭರ್ತಿ. ಉಳಿಸಿ ಎದ್ದರೆ ಆ ನೀರನ್ನು ಚೆಲ್ಲಿ, ಲೋಟ ತೊಳೆದು, ಮುಂದಿನವರಿಗೆ ಹೊಸದಾಗಿ. ತಟ್ಟೆ ತೊಳೆಯಲು ಮೂರು ಬಾರಿ ನೀರು. ಪಾರ್ವತಿತಾಯಿಯ ಓಣಿಯ ಹೆಂಗಸರು ಒಂದೇ ತಿಂಗಳಲ್ಲಿ ಪಳಗಿದರು. ಮಳೆಗಾಲದಲ್ಲಿ ಠಾಣೆಯಿಂದ, ನವಿ ಮುಂಬಯಿಯಿಂದ ಜನವೋ ಜನ. "ಏನು ಸರ್ವಿಸು, ಏನು ಸರ್ವಿಸು" ಎಂದು ಹೊಗಳಿ ಹೋದರು. ನಮ್ಮವರು ಗಲ್ಲಾದಲ್ಲಿ ಕೂತೇ ಬೆಟ್ಟದಷ್ಟು ಉಬ್ಬಿದರು.

ಮಳೆಗಾಲದ ಸಹ್ಯಾದ್ರಿಯನ್ನು ನೋಡಿ ಮೋಸಹೋಗಬಾರದು. ಆಗ ಅಲ್ಲಿ ಎಲ್ಲಿ ಕೈ ಇಟ್ಟರೂ ನೀರು. ಶಿವರಾತ್ರಿ ದಾಟಿತೋ, ಅದೇ ಬೆಟ್ಟ ಒಣಗಿದ ರೊಟ್ಟಿ. ಕರವಂದವಾಡಿಗೆಲ್ಲ ಇದ್ದದ್ದು ಒಂದೇ ಬಾವಿ. ಪಾರ್ವತಿತಾಯಿಯ ಕೆಳಗಿನ ಓಣಿಯೂ ಅದನ್ನೇ ಸೇದಬೇಕು, ಮೇಲಿನ ವಾಡಿಯವರೂ, ಅಂದರೆ ಮೇಲಿನ ಕೇರಿಯವರೂ, ಇಳಿದು ಬಂದು ಅದನ್ನೇ ಸೇದಬೇಕು. ಪೇಟೆಯಲ್ಲಿ ನಲ್ಲಿ ತಿರುಗಿಸಿ ಬೆಳೆದ ನಮಗೆ, ನಲ್ಲಿಯಲ್ಲಿ ನೀರಿಲ್ಲದಿದ್ದರೆ ಟ್ಯಾಂಕರಿನವನಿಗೆ ಫೋನು ಮಾಡಿ ಬೆಳೆದ ನಮಗೆ, ಇದು ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಜಗಲಿಯ ತುಂಬ ಅತಿಥಿಗಳು ಊಟಕ್ಕೆ ಕೂತಿರುವಾಗ ಮೇಲಿನ ವಾಡಿಯ ಹೆಂಗಸರು ಖಾಲಿ ಹಂಡೆಗಳನ್ನು ತಂದು ಅಂಗಳದಲ್ಲಿ ಇಟ್ಟು ಕೂತರಂತೆ. ಜಗಳವಿಲ್ಲ, ಕೂಗಾಟವಿಲ್ಲ. ಒಬ್ಬಳು ಮಾತ್ರ ಕೇಳಿದಳಂತೆ, "ಆಧೀ ಆಮ್ಹೀ ಕೀ ಆಧೀ ಪಾಹುಣೆ?" ಮೊದಲು ನಾವೋ, ಮೊದಲು ನೆಂಟರೋ? ನಮ್ಮವರು ಆಗ ಅಲ್ಲೇ ಇದ್ದರು, ಕೈಯಲ್ಲಿ ಜಗ್ಗು ಹಿಡಿದುಕೊಂಡು. ಆ ಜಗ್ಗನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ ಎಂದು ಮನೆಗೆ ಬಂದು ಹೇಳಿದರು.

ಮೊದಲು ಹೋಟೆಲಿನವರ ಬುದ್ಧಿಯೇ ಓಡಿತು. ಮುರಬಾಡದಿಂದ ಟ್ಯಾಂಕರ್ ತರಿಸೋಣ ಎಂದರು. ಪಾರ್ವತಿತಾಯಿ ಒಪ್ಪಲಿಲ್ಲ. "ಟ್ಯಾಂಕರ್ ನಕೋ ಅಣ್ಣಾ" ಎಂದಳು. ಒಮ್ಮೆ ಟ್ಯಾಂಕರ್ ಬಂತೆಂದರೆ ಬಾವಿಯ ಹೂಳು ತೆಗೆಯಲು ಯಾರೂ ಇಳಿಯುವುದಿಲ್ಲ, ಆಮೇಲೆ ಊರೇ ಟ್ಯಾಂಕರಿನ ದಾರಿ ಕಾಯಬೇಕಾಗುತ್ತದೆ ಎಂಬುದು ಅವಳ ವಾದ. ಊರಿನ ಸಭೆಯಲ್ಲಿ ಕೊನೆಗೆ ಒಂದು ಕಟ್ಟುಪಾಡು ಮಾಡಿದರು. ಹೋಳಿಯಿಂದ ಮೊದಲ ಮಳೆಯವರೆಗೆ ಅತಿಥಿಗಳಿಲ್ಲ. ಆ ಹೊತ್ತಿನಲ್ಲಿ ಒಂದೇ ಒಂದು ಪಂಕ್ತಿ ಎದ್ದರೂ ಮೇಲಿನ ವಾಡಿಯವರು ಈ ಕಸುಬನ್ನು ನಿಲ್ಲಿಸುತ್ತಾರೆ. ನಿಂತ ಮರುದಿನ ಮೈದುನರು ಹೊಲವನ್ನು ಬಂಗಲೆಯವರಿಗೆ ಕೊಡುತ್ತಾರೆ. ಪಾರ್ವತಿತಾಯಿ ಎಲ್ಲರ ಎದುರು ಮಾತು ಕೊಟ್ಟಳು. ಅವಳ ಪಕ್ಕದಲ್ಲಿ ಕೂತಿದ್ದ ನಮ್ಮವರೂ ಕೊಟ್ಟರು.

ಆ ದಿನ ಇವರು ಮನೆಗೆ ಬಂದು ಊಟಕ್ಕೆ ಕೂತರು.

"ಬಂದವರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಉಂಟಾ?" ಎಂದರು.

"ನಾನು ದಿನಾ ಹೇಳ್ತೇನಲ್ಲ, ಕಲಿಸಿಕೊಡ್ಲಾ?" ಎಂದೆ.

"ನಿಂದು ಬೋಲ್ಟು. ನಂದು ಊಟ" ಎಂದರು. ಅದು ನಿಜವೇ.

ಆದರೆ ಮಾತು ಕೊಟ್ಟ ಮೇಲೆ ಹಿಂದೆ ಸರಿಯುವ ಜಾತಿಯಲ್ಲ ಇವರದ್ದು. ತಾವೇ ಕಲಿಸಿದ್ದನ್ನು ತಾವೇ ಒಂದೊಂದಾಗಿ ಬಿಚ್ಚಿದರು. ಲೋಟಗಳ ಗೋಣಿ ಡೊಂಬಿವಲಿಗೆ ವಾಪಸು ಬಂತು. ಅದರ ಬದಲು ಪಂಕ್ತಿಯ ನಡುವೆ ಒಂದು ತಂಬಿಗೆ. ಬೇಕಾದವನು ಎತ್ತಿ, ಬಾಯಿಗೆ ತಾಗಿಸದೆ ಕುಡಿಯಬೇಕು. ಇದು ಇವರ ಅಮ್ಮ ಊರಿನಲ್ಲಿ ಮಾಡುತ್ತಿದ್ದ ಕ್ರಮ, ಹೋಟೆಲಿಗೆ ಬಂದು ಮರೆತಿದ್ದರು. ಠಾಣೆಯ ಮಕ್ಕಳು ಹಾಗೆ ಕುಡಿಯಲು ಹೋಗಿ ಮೂಗಿಗೆ ನೀರು ಏರಿಸಿಕೊಂಡು ಕೆಮ್ಮುವುದನ್ನು ನೋಡಲೆಂದೇ ಓಣಿಯ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಸ್ಟೀಲ್ ತಟ್ಟೆಯ ಜಾಗಕ್ಕೆ ಮುತ್ತುಗದ ಎಲೆ ಬಂತು. ಉಂಡ ಮೇಲೆ ಅದನ್ನು ದನ ತಿಂದರೆ ತಿಂತು, ಇಲ್ಲವಾದರೆ ಗೊಬ್ಬರದ ಗುಂಡಿ ಇದೆ. ಹೊಸ ಕೋಣೆ ಕಟ್ಟುವಂತಿಲ್ಲ, ಇದ್ದ ಪಡಸಾಲೆಯಲ್ಲೇ ಚಾಪೆ. ತಂದ ಪ್ಲಾಸ್ಟಿಕ್ಕು ತಂದವರ ಚೀಲದಲ್ಲೇ ಕೆಳಗಿಳಿಯಬೇಕು. ಸ್ಪೀಕರು ಹಚ್ಚಿದವನಿಗೆ ಎರಡನೆಯ ಭಾಕರಿ ಇಲ್ಲ. ಸರದಿಯ ಪ್ರಕಾರ ಇಂದು ಈ ಮನೆ, ನಾಳೆ ಆ ಮನೆ. ಸರದಿಯಲ್ಲಿ ಮೇಲಿನ ವಾಡಿಯ ಮನೆಗಳನ್ನೂ ಸೇರಿಸಬೇಕೆಂದು ಹಟ ಹಿಡಿದದ್ದು ನಮ್ಮವರೇ. ಗಿರಾಕಿ ಒಂದೇ ಟೇಬಲಿಗೆ ಹೋದರೆ ಮಿಕ್ಕ ವೇಟರುಗಳ ಮುಖ ಹೇಗಾಗುತ್ತದೆಂದು ಹೋಟೆಲಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಅಶ್ವಿನಿ ತನ್ನ ಲ್ಯಾಪ್‌ಟಾಪಿನ ಯೋಜನೆಯನ್ನು ಪಪ್ಪನ ಮಾತಿನಂತೆ ತಿದ್ದಿದಳು. "ಪಪ್ಪಾ ಬೆಸ್ಟ್ ಹೈ" ಎಂದು ಹಿಂದಿಯೋ ಇಂಗ್ಲಿಷೋ ತಿಳಿಯದ ಭಾಷೆಯಲ್ಲಿ ಸರ್ಟಿಫಿಕೇಟು ಕೊಟ್ಟಳು.

ಈಗ ಒಂದು ಬಸ್ಸಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಕನ್ನಡ ಸಂಘ ಪ್ರತಿ ಮೇ ತಿಂಗಳಲ್ಲಿ ಒಂದು ಪಿಕ್ನಿಕ್ ಮಾಡುತ್ತದೆ. ಕಟ್ಟುಪಾಡು ಆದ ಮರುವರ್ಷ ಅದು ಮಾಳಶೇಜ್ ಘಾಟ್ ಕಡೆಗೆ. ನಮ್ಮವರು ಬರಲಿಲ್ಲ. ಕರವಂದವಾಡಿಯಲ್ಲಿ ಬಾವಿಯ ಹೂಳು ತೆಗೆಯುವ ಕೆಲಸವಿದೆ ಎಂದು ಹಿಂದಿನ ದಿನವೇ ಹೋಗಿದ್ದರು. ಬಸ್ಸಿನಲ್ಲಿ ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ, ಬೆಂಗಳೂರಿನ ಕನ್ನಡ ಮೂರೂ ಸೇರಿ ಅಂತ್ಯಾಕ್ಷರಿ ನಡೆದಿತ್ತು. ಊಟಕ್ಕೆ ಹೇಳಿದ್ದ ಘಾಟಿನ ಹೋಟೆಲಿಗೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಮಕ್ಕಳು ಅಳಲು ಶುರುಮಾಡಿದವು. ಸಂಘದ ಅಧ್ಯಕ್ಷ ಸದಾಶಿವಣ್ಣನ ಮುಖ ಇದ್ದಕ್ಕಿದ್ದಂತೆ ಅರಳಿತು. "ಅರೆ, ನಮ್ಮ ವಿಠಲನ ಹಳ್ಳಿ ಇಲ್ಲೇ ಅಲ್ವಾ? ಅವ ಇರುವಾಗ ಊಟಕ್ಕೆ ಎಂತ ಕೊರತೆ? ತಿರುಗಿಸಿ ಗಾಡಿ!" ಎಂದರು. ವಿಠಲ ಎಂದರೆ ನಮ್ಮವರು.

"ಬೇಸಿಗೆಯಲ್ಲಿ ಅಲ್ಲಿ ಊಟ ಇಲ್ಲ ಅಣ್ಣ" ಎಂದೆ. ಸದಾಶಿವಣ್ಣ ನಕ್ಕರು. "ವಿಠಲನ ಹತ್ರ ಇಲ್ಲ ಅಂತ ಹೇಳಿಸಿಕೊಂಡವ ಇನ್ನೂ ಹುಟ್ಲಿಲ್ಲಮ್ಮ." ಇಡೀ ಬಸ್ಸು ಹೌದೌದು ಎಂದಿತು. ಅವರಲ್ಲಿ ಒಬ್ಬೊಬ್ಬರೂ ಯಾವತ್ತೋ ನಮ್ಮ ಅರ್ಧ ಇಳಿದ ಶಟರಿನ ಕೆಳಗೆ ತೂರಿ ಉಂಡವರೇ. ಫೋನು ಹಚ್ಚಿದೆ, ಘಾಟಿನಲ್ಲಿ ನೆಟ್‌ವರ್ಕ್ ಎಲ್ಲಿ ಬರಬೇಕು! ಬಸ್ಸು ತಿರುವು ಸುತ್ತುತ್ತ ಹೋಯಿತು. ಇವರು ಮಾತು ಮುರಿದಾರೆಂಬ ಭಯ ಒಂದು ಕಡೆ. ಇಷ್ಟು ಜನ ತಮ್ಮವರನ್ನು, ಅದರಲ್ಲೂ ಹಸಿದವರನ್ನು, ಇವರು ಹೇಗೆ ಕಳಿಸಿಯಾರು ಎಂಬ ಸಂಕಟ ಇನ್ನೊಂದು ಕಡೆ.

ಬಸ್ಸು ಕರವಂದವಾಡಿಯ ಅಂಚಿನಲ್ಲಿ ನಿಂತಿತು. ಬಾವಿಯ ಸುತ್ತ ಊರೇ ನೆರೆದಿತ್ತು. ಕೆಸರಿನ ಬುಟ್ಟಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಸಾಲಿನಿಂದ ಒಬ್ಬ ಮನುಷ್ಯ ಹೊರಬಂದ. ತಲೆಗೆ ಟವೆಲು, ಮಂಡಿಯ ಮೇಲೆ ಕಟ್ಟಿದ ಪಂಚೆ, ಮೊಣಕೈವರೆಗೆ ಕೆಸರು. ನನ್ನ ಗಂಡ ಎಂದು ಗುರುತಿಸಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅಂದು ಕೈ ಕೆಸರಾದದ್ದು ಅವರದ್ದು, ಮಜ್ಜಿಗೆಯೂ ಕಾಣದ್ದು ನಮ್ಮ ಬಾಯಿ.

ಸದಾಶಿವಣ್ಣ ಇಳಿದು ಹೆಗಲ ಮೇಲೆ ಕೈ ಹಾಕಿದರು. "ವಿಠಲ, ಎಂತಾದ್ರೂ ಸಾಕು. ಗಂಜಿ, ಚಟ್ನಿ. ಮಕ್ಕಳು ಹಸಿದಿದ್ದಾವೆ."

ನಮ್ಮವರು ಬಸ್ಸಿನ ಕಿಟಕಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಗಿರಾಕಿಗಳ ತಲೆ ಎಣಿಸುವ ಕಣ್ಣು ಅದು, ನನಗೆ ಗೊತ್ತು. ನಾನು ಕೂತಿದ್ದ ಕಿಟಕಿಯ ಹತ್ತಿರ ಬಂದಾಗ ಆ ಕಣ್ಣು ಒಂದಿಷ್ಟು ನಿಂತಿತು. ಆಮೇಲೆ ಕೆಸರಿನ ಕೈಗಳನ್ನೇ ಜೋಡಿಸಿದರು.

"ಇಲ್ಲ ಸದಾಶಿವಣ್ಣ. ಇವತ್ತು ಊಟ ಇಲ್ಲ."

"ನೀರು ನಮ್ಮ ಹತ್ರವೇ ಉಂಟು ಮಾರಾಯ, ಬಾಟಲಿಗಳು. ಅನ್ನ ಬೇಯಿಸಿ ಹಾಕಿದ್ರೆ ಆಯ್ತು."

ಒಂದು ಕ್ಷಣ ಅವರ ಮುಖ ಸಡಿಲವಾಯಿತು. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸೂ ಸಡಿಲವಾಯಿತು. ಬಾವಿಕಟ್ಟೆಯ ಮೇಲೆ ಮೇಲಿನ ವಾಡಿಯ ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತಿದ್ದರು. ಪಾರ್ವತಿತಾಯಿ ಕೂಡ ನಿಂತಿದ್ದಳು, ಒಂದು ಮಾತೂ ಆಡದೆ. ಹೇಳಬೇಕಾದವರು ಇವರೇ ಎಂದು ಅವಳಿಗೂ ಗೊತ್ತಿತ್ತು.

"ಇವತ್ತು ಬಾಟಲಿ ತಂದ ಬಸ್ಸು ಬಂತು ಅಂತ ಇಟ್ಕೊಳ್ಳಿ, ನಾಳೆ ಬಾಟಲಿ ಇಲ್ಲದ ಬಸ್ಸು ಬರ್ತದೆ" ಎಂದರು ನಮ್ಮವರು. "ನಾನು ಇವರಿಗೆ ಮಾತು ಕೊಟ್ಟಿದ್ದೇನೆ. ಮಳೆ ಬಂದ ಮೇಲೆ ಬನ್ನಿ, ನಾನೇ ಎದುರು ನಿಂತು ಬಡಿಸ್ತೇನೆ. ಇವತ್ತು ಕ್ಷಮಿಸಿ." ಕಾಲು ನಿಂತ ಜಾಗ ಬಿಡಲಿಲ್ಲ.

ಸದಾಶಿವಣ್ಣ ಕೆಂಪಾಗಿ ಬಸ್ಸು ಹತ್ತಿದರು. ಪಾರ್ವತಿತಾಯಿ ಓಡಿ ಹೋಗಿ ಮುತ್ತುಗದ ಎಲೆಯ ದೊನ್ನೆಗಳಲ್ಲಿ ಕರವಂದದ ಹಣ್ಣು ತಂದು ಕಿಟಕಿಗಳಲ್ಲಿ ಚಾಚಿದಳು. ನಮ್ಮ ಕಡೆ ಕರಂಡೆ ಎನ್ನುವ ಅದೇ ಕಪ್ಪು ಹಣ್ಣು, ಅದಕ್ಕೆ ಬಾವಿಯ ನೀರು ಬೇಡ. ನಮ್ಮವರು ಬಸ್ಸಿನ ಹಿಂದೆ ನಿಂತು, ಕೆಸರಿನ ಅಂಗೈಯಿಂದ ತಗಡನ್ನು ತಟ್ಟುತ್ತ, "ಯೇವ್ ದ್ಯಾ, ಯೇವ್ ದ್ಯಾ", ಬರಲಿ ಬರಲಿ ಎಂದು ಡ್ರೈವರಿಗೆ ಹೇಳಿ, ಆ ಕಿರಿದಾದ ರಸ್ತೆಯಲ್ಲಿ ಬಸ್ಸನ್ನು ತಿರುಗಿಸಿಕೊಟ್ಟರು. ನನ್ನನ್ನು ಇಳಿ ಎನ್ನಲಿಲ್ಲ. ಇಳಿದಿದ್ದರೆ ಪಾರ್ವತಿತಾಯಿಯ ಒಲೆಯಲ್ಲಿ ನನ್ನೊಬ್ಬಳಿಗೆ ಭಾಕರಿ ಸಿಗುತ್ತಿರಲಿಲ್ಲವೇ? ಮನೆಯವಳು ಎಂದು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬಾವಿಕಟ್ಟೆಯ ಹೆಂಗಸರು ಬುಟ್ಟಿಗಳನ್ನು ಮತ್ತೆ ಎತ್ತಿಕೊಂಡದ್ದು, ನಮ್ಮವರು ಹೋಗಿ ಆ ಸಾಲಿನಲ್ಲಿ ತಮ್ಮ ಜಾಗಕ್ಕೆ ಸೇರಿದ್ದು, ಹಿಂದಿನ ಗಾಜಿನಿಂದ ಕಂಡಿತು.

ಬಸ್ಸಿನಲ್ಲಿ ಎಲ್ಲರೂ ಕರಂಡೆ ಹಣ್ಣು ತಿಂದರು. ಹುಳಿ ಹಣ್ಣಿಗೆ ಎಲ್ಲರ ಮುಖ ಕಿವುಚಿತ್ತೋ, ಸಿಟ್ಟಿಗೋ, ಹೇಳಲು ಬರುವಂತಿರಲಿಲ್ಲ. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಕಣ್ಣು ಮಾತ್ರ ತುಂಬಿಕೊಂಡಿತ್ತು. ಶಟರ್ ಮೇಲೆತ್ತಿದ ದಿನಗಳಲ್ಲೆಲ್ಲ ಇವರನ್ನು ಜನ ಹೊಗಳಿದ್ದನ್ನು ಕೇಳಿದ್ದೇನೆ. ಆದರೆ ಇವರ ಹೆಂಡತಿ ಎಂದು ನನಗೆ ಅಷ್ಟು ಹೆಮ್ಮೆಯಾದದ್ದು ಇವರು ಜನರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಆ ಮಧ್ಯಾಹ್ನವೇ.

ಮುರಬಾಡ ಹತ್ತಿರವಾದಾಗ ಪಕ್ಕದಲ್ಲಿದ್ದ ಕಲ್ಯಾಣದ ಶಾಂತಕ್ಕನಿಗೆ ತಡೆಯಲಾಗಲಿಲ್ಲ. ಧಾರವಾಡದವರು, ಮನಸ್ಸಿನಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ.

"ಅಲ್ಲವಾ, ನಮ್ಮನ್ನಂತೂ ಬಿಡು. ಕಟಗೊಂಡ ಹೇಂತಿ ನೀ, ನಿನಗೂ ಒಂದು ತುತ್ತು ಉಣ್ಣಾಕ ಹಾಕಲಿಲ್ಲಲ್ಲ ಆ ಮನಿಷ್ಯಾ?"

"ಹಾಕಲಿಲ್ಲ ನೋಡಿ ಶಾಂತಕ್ಕ" ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ನನಗೂ ಹಾಕಲಿಲ್ಲ."